ಶುಶ್ರೂಷೆ: ಹಳ್ಳಿಗೆ ಬಂದ ಪರದೇಶದ ವಿದ್ಯಾರ್ಥಿಗಳ ಬರಹವನ್ನು ಕುರಿತು

ಪರದೇಶದ ಕಾಲೇಜುಗಳಲ್ಲಿ ಓದುವ ತರುಣ ತರುಣಿಯರು ರಜೆಯ ಕಾಲದಲ್ಲಿಯೋ, ವಿದ್ಯಾಭ್ಯಾಸದ ನಡುವೆ ಒಂದು ವರ್ಷದ ಬಿಡುವನ್ನು ಮಾಡಿಕೊಂಡೋ, ಸಾವಿರಾರು ಹರದಾರಿ ದೂರದ ಹಳ್ಳಿಯೊಂದಕ್ಕೆ ಸೇವೆಗೆಂದು ಹೋಗಿ ಬರುವ ಪದ್ಧತಿಯು ಈಗ ಲೋಕದಲ್ಲೆಲ್ಲ ರೂಢಿಗೆ ಬಂದಿರುವದು. ಹೋಗಿ ಬಂದವರಲ್ಲಿ ಬಹುಮಂದಿ ತಾವು ಕಂಡುದನ್ನು ಬರೆಯುವರು. ಪತ್ರ, ದಿನಚರಿ, ವರದಿ, ಪುಸ್ತಕ ಎಂದು ಈ ಬರಹವು ಬೆಟ್ಟದಷ್ಟು ಬೆಳೆದಿರುವದು. ಇದನ್ನು ಸಾಹಿತ್ಯವೆಂದು ಎಣಿಸುವವರಿಲ್ಲ. ಆದುದರಿಂದ ವಿಮರ್ಶಿಸುವವರೂ ಇಲ್ಲ. ಆದರೆ ದೂರದೇಶದ ಎಷ್ಟೋ ಜನರು ಹಳ್ಳಿಯೆಂದರೇನೆಂಬುದನ್ನು ತಿಳಿದುಕೊಳ್ಳುವದು ಇಂಥ ಬರಹದಿಂದಲೇ. ಯಾರನ್ನು ಕುರಿತು ಬರೆದಿದೆಯೋ ಆ ಹಳ್ಳಿಯವರು ಮಾತ್ರ ಅದನ್ನು ಓದಲಾರರು. ಅದು ಅವರ ಭಾಷೆಯಲ್ಲಿರುವದಿಲ್ಲ. ವಾದಿಯು ಮಾತಾಡುತ್ತಿರುವಾಗ ಪ್ರತಿವಾದಿಯು ನ್ಯಾಯಸ್ಥಾನದಲ್ಲಿಯೇ ಇಲ್ಲದಿದ್ದರೆ ತೀರ್ಪು ಸರಿಯಾಗುವದೆಂತು? ಈ ಕಾರಣದಿಂದ ಇಂಥ ಬರಹಕ್ಕೆ ಒಂದು ಒರೆಗಲ್ಲನ್ನು ಹುಡುಕುವದು ಅವಶ್ಯವೆಂದು ನಮಗೆ ತೋರುವದು.

ನಮ್ಮ ಹಿಂದಿನ ಶಾಸ್ತ್ರಕಾರರು ಯಾವ ಗ್ರಂಥವನ್ನಾದರೂ ಕೈಗೆತ್ತಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಿದ್ದರು. ಇದರ ವಿಷಯವೇನು? ಪ್ರಯೋಜನವೇನು? ವಿಷಯಕ್ಕೂ ಗ್ರಂಥಕ್ಕೂ ಸಂಬಂಧವೇನು? ಇದಕ್ಕೆ ಅಧಿಕಾರಿಯು ಯಾರು? ಅನುಬಂಧಚತುಷ್ಟಯವೆಂಬ ಈ ಅಳತೆಗೋಲನ್ನು ವೇದಾಂತಗ್ರಂಥಗಳಿಗಾಗಿಯೇ ಕಾಯ್ದಿಡಬೇಕಾದ ಕಾರಣವಿಲ್ಲ. ಸೇವೆಯ ಬರಹಕ್ಕೂ ಅದನ್ನು ಹಚ್ಚಿ ನೋಡಬಹುದು. ಅದರಲ್ಲಿಯೂ ಕೊನೆಯ ಪ್ರಶ್ನೆಯು ಇಲ್ಲಿ ಬಹಳ ಮುಖ್ಯವಾದುದು. ಹಳ್ಳಿಗೆ ಸೇವೆ ಮಾಡುವ ಅಧಿಕಾರವು ಯಾರಿಗೆ, ಯಾವುದರಿಂದ ಬರುವದು?

ಇದಕ್ಕೆ ಉತ್ತರವನ್ನು ಶಬ್ದವೇ ಹೇಳುವದು. ಸೇವೆಗೆ ಸಂಸ್ಕೃತದಲ್ಲಿ ಶುಶ್ರೂಷಾ ಎಂಬ ಇನ್ನೊಂದು ಹೆಸರುಂಟು. ರೋಗಿಯ ಆರೈಕೆಗೆ, ಗುರುಸೇವೆಗೆ ಕನ್ನಡದಲ್ಲಿಯೂ ನಾವು ಅದೇ ಮಾತನ್ನು ಬಳಸುವೆವು. ಈ ಶಬ್ದವು ಶ್ರು ಧಾತುವಿನ ಸನ್ನಂತ ರೂಪದಿಂದ ಹುಟ್ಟಿದುದು. ಅದರ ಮೂಲಾರ್ಥವು ‘ಕೇಳಬೇಕೆಂಬ ಇಚ್ಛೆ’ ಎಂದಿಷ್ಟೇ. ಕೇಳುವ ಇಚ್ಛೆಯು ಮುಂದೆ ಸೇವೆಯೆಂಬ ಅರ್ಥವನ್ನು ಪಡೆಯಿತು. ಈ ಸನ್ನಂತವು ಆತ್ಮನೇಪದದಲ್ಲಿಯೇ ನಡೆಯಬೇಕೆಂದು ಪಾಣಿನಿಯು ವಿಧಿಸಿರುವನು. ಇಲ್ಲಿ ಆತ್ಮನೇಪದವು ನಿಯಮದಿಂದ ಬಂದುದು, ಫಲವು ಕರ್ತೃವಿಗೆ ಸೇರುವದೆಂಬ ಅರ್ಥದಿಂದ ಬಂದುದಲ್ಲ, ಎಂಬುದನ್ನು ವ್ಯಾಕರಣ ಬಲ್ಲವರು ನೆನಪಿಸಾರು. ಅದು ನಿಜ. ಆದರೂ ಕೇಳುವವನಿಗೇ ಮೊದಲು ಲಾಭವೆಂಬುದು ಲೋಕಾನುಭವವಾಗಿರುವದು. ಸೇವಾ ಎಂಬ ಶಬ್ದಕ್ಕೂ ಒಂದೆಡೆಯನ್ನು ಆಶ್ರಯಿಸಿ ವಾಸಿಸುವದೆಂಬ ಪ್ರಯೋಗಗಳು ಕಾವ್ಯಗಳಲ್ಲಿ ಸಿಕ್ಕುವವು. ಉಪಾಸನೆಯೆಂದರೆ ಹತ್ತಿರ ಕುಳ್ಳಿರುವದು. ಹತ್ತಿರ ಕುಳಿತುಕೊಳ್ಳುವದು, ಅಲ್ಲಿಯೇ ಇರುವದು, ಕೇಳಲು ಬಯಸುವದು, ಈ ಮೂರೂ ಆದ ಬಳಿಕ ಕೊಡುವ ಮಾತು. ಇದೇ ನಮ್ಮ ಒರೆಗಲ್ಲು.

ಈ ಕಲ್ಲಿಗೆ ಇಂದಿನ ಸಾಮಾನ್ಯ ಬರಹವನ್ನು ತಿಕ್ಕಿ ನೋಡೋಣ. ಹತ್ತು ಬರಹಗಳನ್ನು ಓದಿದವನಿಗೆ ಹನ್ನೊಂದನೆಯದರ ಜಾಡು ಮೊದಲೇ ತಿಳಿಯುವದು. ಧೂಳಿನ ದಾರಿ, ಬಿಸಿಲು, ಓಡಿ ಬಂದು ಕೈ ಹಿಡಿಯುವ ನಗುಮುಖದ ಮಕ್ಕಳು. ಶಾಲೆಯ ಗೋಡೆಗೆ ಬಳಿದ ಬಣ್ಣ. ‘ಏನೂ ಇಲ್ಲದಿದ್ದರೂ ಇವರೆಷ್ಟು ಸುಖಿಗಳು’ ಎಂಬ ಉದ್ಗಾರ. ಕೊಟ್ಟುದಕ್ಕಿಂತ ಪಡೆದುದೇ ಹೆಚ್ಚೆಂಬ ಸಮಾಪ್ತಿ. ಬರೆಯುವವರ ಮನಸ್ಸು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರಲ್ಲಿ ಹಳ್ಳಿಯು ಎಲ್ಲಿರುವದು? ರಸಶಾಸ್ತ್ರದ ಮಾತಿನಲ್ಲಿ ಹೇಳುವದಾದರೆ, ಹಳ್ಳಿಯು ಇಲ್ಲಿ ಉದ್ದೀಪನವಿಭಾವ ಮಾತ್ರ. ಶೃಂಗಾರಕ್ಕೆ ಬೆಳದಿಂಗಳು ಹೇಗೋ, ಮಲಯಮಾರುತವು ಹೇಗೋ, ಈ ಕರುಣಕ್ಕೆ ಹಳ್ಳಿಯು ಹಾಗೆ. ಭಾವಕ್ಕೆ ಆಶ್ರಯನು ಬರೆಯುವವನು; ಆಲಂಬನವೂ ಬಹುಮಟ್ಟಿಗೆ ಅವನ ಹೃದಯವೇ. ಬೆಳದಿಂಗಳಿಗೆ ಯಾರೂ ಅಭಿಪ್ರಾಯ ಕೇಳುವದಿಲ್ಲ. ಆ ಮಕ್ಕಳು ನಗುವರೇ ಹೊರತು ಮಾತಾಡುವದಿಲ್ಲ. ಹೊಲಕ್ಕೆ ಹೆಸರಿಲ್ಲ, ಎರೆಯೋ ಮಸಾರಿಯೋ ತಿಳಿಯದು, ಮುಂಗಾರಿ ಹೋಯಿತೋ ಹಿಂಗಾರಿ ಬಂದಿತೋ ಗೊತ್ತಾಗದು. ಕಾವ್ಯವಾಗಿ ಇದು ದೋಷವು. ಸೇವೆಯ ಲೆಕ್ಕದಲ್ಲಿಯೂ ಇದೇ ದೋಷವು.

ಈ ದೋಷವನ್ನು ಬಹಳ ಕಟುವಾಗಿ ಎತ್ತಿ ಹೇಳಿದವರು ಈವಾನ್ ಇಲಿಚ್ ಎಂಬ ವಿದ್ವಾಂಸರು. ಅವರು 1968ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಮೆಕ್ಸಿಕೋ ದೇಶದ ಹಳ್ಳಿಗಳ ಸೇವೆಗೆ ಹೊರಟ ಅಮೇರಿಕದ ವಿದ್ಯಾರ್ಥಿಗಳ ಎದುರಿನಲ್ಲಿಯೇ ನಿಂತು ಮಾಡಿದ ಭಾಷಣವು ಪ್ರಸಿದ್ಧವಾಗಿರುವದು. ಭಾಷೆ ತಿಳಿಯದೆ, ಬೇಡವೆನ್ನುವ ಅವಕಾಶವನ್ನೂ ಹಳ್ಳಿಗರಿಗೆ ಕೊಡದೆ, ಉಪಕಾರವನ್ನು ಅವರ ಮೇಲೆ ಹೊರಿಸುವದು ಅಹಂಕಾರವೆಂದು ಅವರ ವಾದ. ನೋಡಲು ಬನ್ನಿರಿ, ಕಲಿಯಲು ಬನ್ನಿರಿ, ಉಪಕಾರಕ್ಕೆಂದು ಬರಬೇಡಿರಿ ಎಂಬುದು ಅದರ ತಾತ್ಪರ್ಯ. ಕರೆದವರ ಮನೆಯಲ್ಲಿಯೇ ಇಂಥ ಮಾತನ್ನಾಡಿದ ಅವರ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಆ ಭಾಷಣವು ನಮ್ಮನ್ನು ಅರ್ಧ ದಾರಿಗೆ ಮಾತ್ರ ಒಯ್ಯುವದು. ಕಲಿಯುವದೂ ಸೇವೆಯೂ ಎರಡು ಬೇರೆ ವಸ್ತುಗಳೆಂದು ಅದರಲ್ಲಿ ಗ್ರಹಿಸಿದಂತಿರುವದು. ಬಹು ಕಾಲ ಕೇಳಿ ಕಲಿತ ಕಲಿಕೆಯೇ ಮುಂದೆ ದೊಡ್ಡ ಸೇವೆಯಾಗಬಹುದೆಂಬುದಕ್ಕೆ ನಮ್ಮ ಧಾರವಾಡದಲ್ಲಿಯೇ ನಿದರ್ಶನವಿರುವದು.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಜರ್ಮನಿಯ ಉತ್ತರ ಕರಾವಳಿಯ ಪ್ರಾಂತದಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ ಎಂಬವರು ಬಾಸೆಲ್ಲಿನ ಪಾಠಶಾಲೆಯಲ್ಲಿ ಓದಿ 1853ರಲ್ಲಿ ಈ ದೇಶಕ್ಕೆ ಬಂದಾಗ ಅವರ ವಯಸ್ಸು ಇಂದಿನ ಕಾಲೇಜು ವಿದ್ಯಾರ್ಥಿಯ ವಯಸ್ಸೇ. ಅವರು ಬಂದುದು ತಮ್ಮ ಮತವನ್ನು ಬೋಧಿಸಲು, ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಹೇಳಲೆಂದು ಬಂದವರು ಕೇಳುತ್ತ ಕುಳಿತರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಒಗ್ಗಿಸಿ ‘ಕಥಾಮಾಲೆ’ಯನ್ನು ಬರೆದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಕನ್ನಡ ವ್ಯಾಕರಣವನ್ನೂ ಪ್ರಕಟಿಸಿ, 1903ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಕಾಲೇಜು ಧಾರವಾಡದಲ್ಲಿರುವದು.

ಈ ಸಂಗತಿಗಳು ಸುಶಿಕ್ಷಿತ ವಾಚಕರಿಗೆ ಹೊಸವಲ್ಲ. ನಾವು ಇಲ್ಲಿ ನಿಘಂಟನ್ನು ಒಂದು ಸಾಹಿತ್ಯಕೃತಿಯೆಂದು ಓದಲು ಬಿನ್ನವಿಸುವೆವು. ಕೂರಿಗೆ, ಕುಂಟೆ, ಹಗೇವು ಎಂಬ ಮಾತುಗಳು ಪಂಪ-ರನ್ನರ ಮಾತುಗಳ ಪಂಕ್ತಿಯಲ್ಲಿಯೇ ಕುಳಿತಿರುವವು. ದಕ್ಷಿಣ ಮಹಾರಾಷ್ಟ್ರವೆಂದು ಅಂದು ಕರೆಯಿಸಿಕೊಳ್ಳುತ್ತಿದ್ದ ನಮ್ಮ ಈ ಪ್ರಾಂತದ ಪ್ರಯೋಗಕ್ಕೆ ಬೇರೆ ಗುರುತು, ಮೈಸೂರ ಪ್ರಯೋಗಕ್ಕೆ ಬೇರೆ ಗುರುತು. ಪುಟಪುಟಕ್ಕೆ ಗಾದೆಗಳು. ಗಾದೆಯು ತಾಳೆಗರಿಯಲ್ಲಿ ಹುಟ್ಟುವದಿಲ್ಲ. ಅದು ಯಾರದೋ ಬಾಯಿಂದ ಬರಬೇಕು, ಬರೆದುಕೊಳ್ಳುವವನು ಅವರ ಹತ್ತಿರ ಕುಳಿತಿರಬೇಕು. ಒಕ್ಕಲಿಗನ ಮಾತಿಗೆ ಕವಿಯ ಮಾತಿನಷ್ಟೇ ಪ್ರಾಮಾಣ್ಯವನ್ನು ಕೊಟ್ಟುದು ಆ ಗ್ರಂಥದ ದೊಡ್ಡ ಗುಣ. ಹಳಗನ್ನಡದ ಪಂಡಿತನಿಗೂ ಹಳ್ಳಿಯ ಶಾಲೆಯ ಮಾಸ್ತರನಿಗೂ ಅದು ಇಂದಿಗೂ ಕೈದೀಪವಾಗಿರುವದು. ‘ದೇಶ ಸುತ್ತು, ಕೋಶ ಓದು’ ಎಂದು ನಮ್ಮವರು ಹೇಳುವರು. ಈ ಪುಣ್ಯಾತ್ಮನು ದೇಶವನ್ನು ಸುತ್ತಿ ಕೋಶವನ್ನೇ ಕಟ್ಟಿಕೊಟ್ಟನು.

ಹಾಗೆಂದು ದೋಷವನ್ನು ಹೇಳದೆ ಬಿಟ್ಟರೆ ಇದು ವಿಮರ್ಶೆಯಾಗದು, ಸ್ತೋತ್ರವಾದೀತು. ನಿಘಂಟಿನಲ್ಲಿ ಗ್ರಂಥಗಳಿಗೆಲ್ಲ ಸಂಕೇತಾಕ್ಷರಗಳುಂಟು. ಕೇಶಿರಾಜನ ಮಾತು ಯಾವುದು, ಬಸವಪುರಾಣದ ಮಾತು ಯಾವುದು ಎಂಬುದು ಕಣ್ಣಿಗೆ ಕಾಣುವದು. ಗಾದೆಯನ್ನು ಹೇಳಿದವರಿಗೆ ಮಾತ್ರ ಅಂಥ ಗುರುತಿಲ್ಲ. ‘ಗಾದೆ’ ಎಂಬ ಒಂದೇ ಹೆಸರಿನ ಕೆಳಗೆ ಸಾವಿರ ಬಾಯಿಗಳು ಅಡಗಿರುವವು. ಅಂದಿನ ಕೋಶಪದ್ಧತಿಯೇ ಹಾಗೆ ಇದ್ದಿತೆಂದು ಸಮಾಧಾನ ಹೇಳಬಹುದು. ಆದರೆ ಕೇಳಿದವನ ಹೆಸರು ಉಳಿದು ಹೇಳಿದವರ ಹೆಸರು ಅಳಿಯುವ ಈ ರೀತಿಯು ಇಂದಿನ ತನಕ ನಡೆದು ಬಂದಿರುವದು. ಇನ್ನಾದರೂ ಅದು ನಿಲ್ಲಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಪರದೇಶದ ವಿದ್ಯಾರ್ಥಿಯ ಸೇವೆಯು ಮತಬೋಧೆಯನ್ನು ಬಿಟ್ಟು ಒಕ್ಕಲುತನದ ಕಡೆಗೆ ತಿರುಗಿತು. ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೃಷಿಯನ್ನು ಓದಿದ ಲೆನರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ತರುಣರನ್ನು ರವೀಂದ್ರನಾಥ ಠಾಕೂರರು ಬರಮಾಡಿಕೊಂಡು, 1922ರಲ್ಲಿ ಶಾಂತಿನಿಕೇತನದ ಹತ್ತಿರದ ಸುರುಲ್ ಗ್ರಾಮದಲ್ಲಿ ಗ್ರಾಮೋದ್ಧಾರದ ಸಂಸ್ಥೆಯನ್ನು ನಿಲ್ಲಿಸಿದರು. ಎಲ್ಮ್‌ಹರ್ಸ್ಟರ ಜೊತೆಗೆ ಹಳ್ಳಿಗಳ ಸ್ಥಿತಿಯನ್ನು ಬಲ್ಲ ಕಾಳೀಮೋಹನ ಘೋಷರಿದ್ದರೆಂಬುದನ್ನು ಮರೆಯಬಾರದು. ಮುಂದೆ 1961ರಲ್ಲಿ ಅಧ್ಯಕ್ಷ ಕೆನಡಿಯವರು ಸ್ಥಾಪಿಸಿದ ಪೀಸ್ ಕೋರಿನ ತರುಣರು ಅದೇ ವರ್ಷ ಭಾರತಕ್ಕೆ ಬಂದು 1976ರ ವರೆಗೆ ಇಲ್ಲಿ ಕೆಲಸ ಮಾಡಿದರು. ಆಗಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಇದ್ದರು. ಅವರಿಗೆ ಎರಡು ವರ್ಷಗಳ ಅವಧಿಯಾದರೂ ಇರುತ್ತಿದ್ದಿತು. ಎರಡು ವರ್ಷಗಳಲ್ಲಿ ಎರಡು ಮುಂಗಾರಿ, ಎರಡು ಹಿಂಗಾರಿಗಳನ್ನು ಕಾಣಬಹುದು. ಎರಡು ವಾರಗಳಲ್ಲಿ ಬಿತ್ತಿದ್ದು ಮೊಳೆತುದನ್ನು ಕಂಡರೆ ಹೆಚ್ಚು. ಒಕ್ಕುವ ಕಣವನ್ನು ಕಾಣದವನು ಒಕ್ಕಲುತನವನ್ನು ಕುರಿತು ಬರೆದರೆ ಪೂರ್ವಪಕ್ಷವನ್ನು ಮಾತ್ರ ಓದಿ ಸಿದ್ಧಾಂತವನ್ನು ಬರೆದಂತಾಗುವದು.

ಇನ್ನು ನಮ್ಮವರೇ ಪರದೇಶಕ್ಕೆ ಹೋಗಿ ಮರಳಿ ಹಳ್ಳಿಗೆ ಬಂದ ಪ್ರಸಂಗಗಳನ್ನು ನೋಡೋಣ. ಭಾಷೆಯ ಅಡ್ಡಿಯು ಇಲ್ಲದಿರುವದರಿಂದ ಇಲ್ಲಿ ಪರೀಕ್ಷೆಯು ಇನ್ನೂ ಸೂಕ್ಷ್ಮವಾದುದು. ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ಓದಿ, 1948ರಲ್ಲಿ ಮೈಸೂರ ಸೀಮೆಯ ಒಂದು ಹಳ್ಳಿಯಲ್ಲಿ ನೆಲಸಿದರು. ಅದಕ್ಕೆ ಅವರಿಟ್ಟ ಹೆಸರು ರಾಂಪುರ. ಊರ ಗೌಡನ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಅವರಿಗೆ ಬಿಡಾರವು ದೊರಕಿತು. ಸೇವೆಗೆಂದು ಅವರು ಹೋದವರಲ್ಲ, ಶಾಸ್ತ್ರಕ್ಕೆಂದು ಹೋದವರು. 1970ರ ಏಪ್ರಿಲ್ 24ರಂದು ಅಮೇರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬಿದ್ದ ಬೆಂಕಿಯಲ್ಲಿ, ಅವರು ವರ್ಷಗಟ್ಟಲೆ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಗ ನೆನಪನ್ನೇ ಆಧರಿಸಿ ಬರೆದ ಅವರ ಇಂಗ್ಲಿಷ್ ಗ್ರಂಥವು 1976ರಲ್ಲಿ ಪ್ರಕಟವಾಯಿತು.

ಟಿಪ್ಪಣಿಗಳು ಉಳಿದಿದ್ದರೆ ಆ ಗ್ರಂಥವು ಇನ್ನೂ ಪೂರ್ಣವಾಗುತ್ತಿದ್ದಿತೆಂದು ಶಾಸ್ತ್ರಜ್ಞರು ಹಳಹಳಿಸಬಹುದು. ಸಾಹಿತ್ಯದ ದೃಷ್ಟಿಯಿಂದ ಮಾತ್ರ ನಮಗೆ ಬೇರೊಂದು ಮಾತು ಕಾಣುವದು. ಬೆಂಕಿಯು ಅಂಕಿಗಳನ್ನು ಒಯ್ದಿತು. ಮನುಷ್ಯರನ್ನು ಒಯ್ಯಲಾರದೆ ಹೋಯಿತು. ಗೌಡನ ಬಿಗುಮಾನ, ನಾಡುಗೌಡನ ಸೌಜನ್ಯ, ಕುಳ್ಳೇಗೌಡನ ಚಾತುರ್ಯ, ಇವು ನೆನಪಿನಲ್ಲಿ ಬೇರೂರಿದ್ದವು, ಏಕೆಂದರೆ ಅವು ಎತ್ತಿನ ಮನೆಯ ಜಗಲಿಯಲ್ಲಿ ಕೇಳಿದ ಮಾತಿನೊಡನೆ ಒಳಗಿಳಿದಿದ್ದವು. ಹಳ್ಳಿಯವರೂ ಅವರನ್ನು ಪ್ರಶ್ನಿಸುತ್ತಿದ್ದರು, ತೂಗಿ ನೋಡುತ್ತಿದ್ದರು, ಎಂಬುದನ್ನು ಗ್ರಂಥಕಾರರು ಮುಚ್ಚಿಡುವದಿಲ್ಲ. ನೋಡುವವನನ್ನು ಹಳ್ಳಿಯೂ ನೋಡುವದೆಂಬ ಅರಿವು ಈ ಗ್ರಂಥದ ಜೀವಾಳವಾಗಿರುವದು. ಇಲ್ಲಿ ಹಳ್ಳಿಯು ಉದ್ದೀಪನವಾಗಿ ಉಳಿಯದೆ ಆಲಂಬನದ ಪದವಿಗೆ ಏರಿರುವದು.

ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಎಂಬ ಕಾದಂಬರಿಯು 1968ರಲ್ಲಿ ಪ್ರಕಟವಾದುದು. 1977ರಲ್ಲಿ ಅದರ ಚಲಚ್ಚಿತ್ರವೂ ಬಂದಿತು. ಅಮೇರಿಕದಲ್ಲಿ ಕೃಷಿವಿದ್ಯೆಯನ್ನು ಕಲಿತ ಕಾಳಿಂಗನು ಅಲ್ಲಿಯ ಹಿಲ್ಡಾ ಎಂಬವಳನ್ನು ಮದುವೆಯಾಗಿ, ಹೊಸ ಬೇಸಾಯವನ್ನು ತನ್ನ ಹಳ್ಳಿಗೆ ತರುವನು. ಅವನ ವಿದ್ಯೆಯು ಸುಳ್ಳಲ್ಲ, ಉದ್ದೇಶವು ಕೆಟ್ಟದಲ್ಲ. ಆದರೂ ಮನೆಯ ಆಕಳನ್ನು ಮಾಂಸಕ್ಕಾಗಿ ಕೊಲ್ಲುವ ಪ್ರಸಂಗದಲ್ಲಿ ಊರೂ ಮನೆಯೂ ಒಡೆದು ಹೋಗುವವು. ಈ ಕೃತಿಯನ್ನು ಎರಡು ಮತಗಳ ವ್ಯಾಜ್ಯವೆಂದು ಓದುವವರೇ ಹೆಚ್ಚು. ನಮಗೆ ಇದರಲ್ಲಿ ಎಲ್ಲಕ್ಕೂ ಮಿಗಿಲಾಗಿ ಕಾಣುವ ಪಾತ್ರವು ಕಾಳಿಂಗನ ತಾಯಿಯದು. ಆಕೆಗೆ ಮಾತು ಬಾರದು. ಸಮುದ್ರಗಳನ್ನು ದಾಟಿ ವಿದ್ಯೆಯನ್ನು ತಂದ ಮಗನ ಎದುರಿಗೆ ಮಾತು ಬಾರದ ತಾಯಿಯನ್ನು ನಿಲ್ಲಿಸಿದ ಕಲ್ಪನೆಯು ಅಸಾಮಾನ್ಯವಾದುದು. ಹಳ್ಳಿಯು ತನ್ನ ಮನಸ್ಸನ್ನು ಯಾವಾಗಲೂ ವಾಕ್ಯಗಳಲ್ಲಿ ಹೇಳಲಾರದು. ಸನ್ನೆಯಿಂದ, ಮೌನದಿಂದ, ಎದ್ದು ಹೋಗುವದರಿಂದ ಹೇಳುವದು. ಶುಶ್ರೂಷೆಯಿಲ್ಲದ ಕಿವಿಗೆ ಅದು ಕೇಳಿಸದು.

ಕಾದಂಬರಿಯ ಕೊರತೆಯನ್ನೂ ಹೇಳಬೇಕು. ಹಿಲ್ಡಾಳ ವಾದವನ್ನು ಗ್ರಂಥಕರ್ತರು ಹಗುರು ಮಾಡಿಲ್ಲವೆಂಬುದು ಅವರ ಪ್ರಾಮಾಣಿಕತೆ. ಆದರೆ ವಾದ-ಪ್ರತಿವಾದಗಳ ಭಾರಕ್ಕೆ ದಿನದ ಬಾಳುವೆಯು ಅಲ್ಲಲ್ಲಿ ಬಾಗಿರುವದು. ಎರಡು ತತ್ತ್ವಗಳು ಕೂಡಿದಾಗ ಕಿಡಿ ಹಾರುವದು ಸಹಜ. ಇಬ್ಬರು ಮನುಷ್ಯರು ಒಂದೇ ಬಾವಿಯ ನೀರನ್ನು ಹಂಚಿಕೊಳ್ಳುವಾಗ ತತ್ತ್ವಗಳು ತಾವಾಗಿ ಮೆತ್ತಗಾಗುವ ಗಳಿಗೆಗಳೂ ಇರುವವು. ಅಂಥ ಗಳಿಗೆಗಳು ಇನ್ನಷ್ಟು ಇದ್ದಿದ್ದರೆ ದುರಂತವು ಇನ್ನೂ ಆಳವಾಗುತ್ತಿದ್ದಿತು.

ಇಲ್ಲಿ ಒಂದು ಆಕ್ಷೇಪವು ಬರುವದು. ಹಳ್ಳಿಗೆ ಬೇಕಾದುದು ನೀರು, ಔಷಧ, ಒಳ್ಳೆಯ ಬೀಜ. ಹಸಿದವನ ಮುಂದೆ ಕುಳಿತು ಗಾದೆ ಕೇಳಿದರೆ ಹೊಟ್ಟೆ ತುಂಬುವದೇ, ಎಂದು. ಆಕ್ಷೇಪವು ಬಲವುಳ್ಳದು. ಹೊರಗಿನಿಂದ ಬಂದ ವಿದ್ಯೆಯಿಂದ ನಮಗೆ ಉಪಕಾರವಾಗಿಲ್ಲವೆನ್ನುವದು ಕೃತಘ್ನತೆಯೇ ಸರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ಹಾಕಿದರು. ಆ ಬಗೆಯ ಹಂಚು ಇಂದಿಗೂ ನಮ್ಮ ಎಷ್ಟೋ ಮನೆಗಳ ಮೇಲಿರುವದು. ವೈದ್ಯನಿಗೆ, ಯಂತ್ರಶಾಸ್ತ್ರಜ್ಞನಿಗೆ ಅವರವರ ವಿದ್ಯೆಯಿಂದ ಅಧಿಕಾರವು ಬರುವದು. ಆದರೆ ಮಂಗಳೂರಿನ ಹಂಚು ಸಹ ಅಲ್ಲಿಯ ಮಣ್ಣನ್ನೂ ಮಳೆಯನ್ನೂ ಅರಿತ ಬಳಿಕ ಬೆಂದ ಹಂಚು. ವೈದ್ಯನೂ ರೋಗಿಯನ್ನು ಕೇಳಿಯೇ ನಾಡಿ ಹಿಡಿಯುವನು. ಇನ್ನೂ ಓದುತ್ತಿರುವ ಹುಡುಗನ ಕೈಯಲ್ಲಿ ಅಂಥ ವಿದ್ಯೆಯಿಲ್ಲ. ಅವನಲ್ಲಿರುವದು ಎರಡು ಕಿವಿಗಳು ಮತ್ತು ಬಿಡುವಾದ ಕಾಲ. ಅವುಗಳನ್ನು ಬಳಸದೆ, ಊರಿನ ಗವಂಡಿಯು ಅರ್ಧ ದಿನದಲ್ಲಿ ಚೆನ್ನಾಗಿ ಮಾಡುವ ಕೆಲಸವನ್ನು ಅವನು ಹತ್ತು ದಿನ ಕೆಟ್ಟದಾಗಿ ಮಾಡಿದರೆ, ಗವಂಡಿಯ ಕೂಲಿಯೂ ಹೋಯಿತು, ಹುಡುಗನ ಪಾಠವೂ ಹೋಯಿತು.

ಪರದೇಶದವರನ್ನೇ ದೂರುತ್ತ ಕುಳಿತರೆ ನ್ಯಾಯವಾಗದು. ನಮ್ಮಲ್ಲಿಯೂ 1969ರಿಂದ ರಾಷ್ಟ್ರೀಯ ಸೇವಾ ಯೋಜನೆಯು ನಡೆದಿರುವದು. ಕಾಲೇಜಿನ ಹುಡುಗರು ಏಳು ದಿನಗಳ ಶಿಬಿರಕ್ಕೆಂದು ಹಳ್ಳಿಗೆ ಹೋಗುವರು. ಗಟಾರು ಬಳಿಯುವರು, ಗಿಡ ನೆಡುವರು, ಸಂಜೆಗೆ ಭಾಷಣ ಮಾಡುವರು. ಶಿಬಿರದ ವರದಿಗಳನ್ನು ಓದಿ ನೋಡಿರಿ: ನೆಟ್ಟ ಗಿಡಗಳ ಸಂಖ್ಯೆಯಿರುವದು, ಬಂದ ಅತಿಥಿಗಳ ಹೆಸರಿರುವದು, ಊರಿನ ಒಬ್ಬ ಮುದುಕನು ಆಡಿದ ಒಂದು ಮಾತು ದೊರೆಯುವದು ದುರ್ಲಭ. ಆ ಮುದುಕನೂ ವರದಿಕಾರನೂ ಒಂದೇ ಕನ್ನಡವನ್ನು ಆಡುವರು. ಹೀಗಿರಲು ಪರದೇಶದವನಿಗೆ ನಾವು ಯಾವ ಬಾಯಿಂದ ಬುದ್ಧಿ ಹೇಳಬೇಕು?

ಆದುದರಿಂದ ಸ್ವದೇಶೀಯರಾಗಲಿ ಪರದೇಶೀಯರಾಗಲಿ, ಹಳ್ಳಿಗೆ ಹೋಗುವ ವಿದ್ಯಾರ್ಥಿಗಳಿಗೂ ಅವರನ್ನು ಕಳಿಸುವ ಹಿರಿಯರಿಗೂ ನಮ್ಮ ಬಿನ್ನಹವು ಮೂರು ಮಾತಿನದು. ಮೊದಲನೆಯದಾಗಿ, ಹೋಗುವ ಊರಿನ ಮಾತನ್ನು ಸಂತೆಯಲ್ಲಿ ವ್ಯವಹಾರ ಮಾಡುವಷ್ಟಾದರೂ ಕಲಿತು ಹೋಗಬೇಕು. ಎರಡನೆಯದಾಗಿ, ಬರೆದ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಅದರ ಕನ್ನಡ ತಾತ್ಪರ್ಯವನ್ನು ಆ ಊರಿನ ಚಾವಡಿಯಲ್ಲಿ ಓದಿ ತೋರಿಸಬೇಕು; ಅಲ್ಲಿ ನಕ್ಕರೆ ನಗಲಿ, ತಿದ್ದಿದರೆ ತಿದ್ದಲಿ. ಮೂರನೆಯದಾಗಿ, ಹೇಳಿದವರು ಒಪ್ಪಿದರೆ ಅವರ ಹೆಸರನ್ನು ಅವರ ಮಾತಿನ ಕೆಳಗೆ ಬರೆಯಬೇಕು. ಇದಕ್ಕೆ ಹಣವು ಹತ್ತದು, ದಿನಗಳು ಹತ್ತುವವು.

ಹಳ್ಳಿಗೆ ಬರುವವರು ಬಾರದಿರಲೆಂದು ನಾವು ಹೇಳುವವರಲ್ಲ. ಅತಿಥಿಗೆ ಬಾಗಿಲು ಹಾಕುವ ರೂಢಿಯು ಈ ಸೀಮೆಯಲ್ಲಿಲ್ಲ. ಬಂದವರಿಗೆ ರೊಟ್ಟಿಯೂ ಜಗಲಿಯ ಮೇಲೆ ಸ್ಥಳವೂ ಎಂದಿನಂತೆ ಸಿಕ್ಕುವವು. ಆ ಜಗಲಿಯ ಮೇಲೆ ಕುಳಿತವರು ಮೊದಲು ಕೇಳಲಿ, ಕೇಳಿದುದನ್ನು ಹೇಳಿದವರ ಹೆಸರಿನೊಡನೆ ಬರೆಯಲಿ. ಅಂಥ ಬರಹವು ಬಂದ ದಿನ ಅದನ್ನು ಸಾಹಿತ್ಯವೆಂದು ಆದರಿಸುವದು ವಿಮರ್ಶಕರ ಪಾಲಿನ ಶುಶ್ರೂಷೆಯಾಗುವದು. ಇತ್ಯಲಮ್.